ಅಜ್ಜಿ ಕಳೆ ಕಿತ್ತ ಕಾಡು

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟಿ. ಇಡೀ ಕುಮಟಾ ತಾಲೂಕಿನಲ್ಲಿ, ಬೇಡ, ಹೊನ್ನಾವರ ಭಟ್ಕಳ ಎರಡನ್ನೂ ಸೇರಿಸಿಕೊಳ್ಳಿ, ಹದಿನೇಳನೇ ವಯಸ್ಸಿಗೆ ಸ್ವಂತ ಕಾಡು ಇದ್ದ ಹುಡುಗಿ ನಾನೊಬ್ಬಳೇ. ಎಷ್ಟು ದೊಡ್ಡ ಕಾಡು ಎಂದು ಕೇಳಬೇಡಿ. ಕಾಲೇಜಿನಲ್ಲಿ ಕೇಳಿದವರಿಗೆ ನಾನು ಎರಡೂ ಕೈ ಅಗಲಿಸಿ, ಕಣ್ಣನ್ನು ದೂರಕ್ಕೆ ಹಾಯಿಸಿ, "ಹೀಗೇ... ಹೋಗ್ತಾ ಇರ್ತದೆ" ಎನ್ನುತ್ತಿದ್ದೆ. ವಾಸ್ತವದಲ್ಲಿ ಒಂದು ತುದಿಯಲ್ಲಿ ನಿಂತು ಸೀನಿದರೆ ಇನ್ನೊಂದು ತುದಿಯ ಏಡಿ ಬೆಚ್ಚಿಬಿದ್ದು ಬಿಲಕ್ಕೆ ಓಡುತ್ತಿತ್ತು. ಆದರೂ ಕಾಡು ಕಾಡೇ.

ಅಘನಾಶಿನಿ ಹೊಳೆ ತದಡಿಯ ಹತ್ತಿರ ಸಮುದ್ರಕ್ಕೆ ಸೇರುವ ಮೊದಲು, ಸೇರಲೋ ಬೇಡವೋ ಎಂದು ಯೋಚಿಸುವವರ ಹಾಗೆ ಅಗಲಕ್ಕೆ ಕೈಕಾಲು ಚಾಚಿ ಮಲಗುತ್ತದೆ. ಆ ಅಂಚಿನಲ್ಲಿ ನಮ್ಮದೊಂದು ಗಜನಿ ಇದೆ. ಗಜನಿ ಎಂದರೆ ಉಪ್ಪುನೀರಿನ ಪಕ್ಕದ ತಗ್ಗು ಗದ್ದೆ, ಹೊಳೆಯನ್ನು ತಡೆಯಲು ಮಣ್ಣಿನ ಕಟ್ಟೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಆ ಭತ್ತಕ್ಕೆ ಉಪ್ಪೆಂದರೆ ಹೆದರಿಕೆಯಿಲ್ಲ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲ ಹಲಗೆ ಎತ್ತಿದರೆ ಹೊಳೆಯ ನೀರಿನ ಜೊತೆ ಮೀನು, ಸಿಗಡಿ ಒಳಗೆ ಬರುತ್ತವೆ. ನಮ್ಮ ಗಜನಿಯಲ್ಲಿ ದೊಡ್ಡಪ್ಪನ ಮನೆ, ನಮ್ಮ ಮನೆ ಮತ್ತು ಅಕ್ಕಪಕ್ಕದ ಕೆಲವು ಮನೆಗಳ ಪಾಲಿದೆ.

ಎರಡು ಮಳೆಗಾಲದ ಹಿಂದೆ ಹೊಳೆ ಉಕ್ಕಿ ಕಟ್ಟೆ ಒಡೆಯಿತು. ಒಡೆದದ್ದು ಸರಿಯಾಗಿ ನಮ್ಮ ಪಾಲಿನ ಮೂಲೆಯಲ್ಲಿ. ಅದನ್ನು ಕಟ್ಟುವುದು ಯಾರು, ಹೇಗೆ ಎಂದು ಪಾಲಿನವರು ಜಗಲಿಯಲ್ಲಿ ಕೂತು ಚಾ ಕುಡಿದು ಕುಡಿದು ಒಂದು ಬೇಸಿಗೆಯನ್ನೇ ಮುಗಿಸಿದರು. ಅಷ್ಟರಲ್ಲಿ ಹೊಳೆ ನಮ್ಮ ಗದ್ದೆಗೆ ಮಾವನ ಮನೆಗೆ ಬಂದ ಹಾಗೆ ದಿನಾ ಬಂದುಹೋಗಲು ಶುರುಮಾಡಿತು. ಕಗ್ಗ ಬಿತ್ತಲಾಗಲಿಲ್ಲ. ಆದರೆ ಒಡೆದ ಕಟ್ಟೆಯ ಬದಿಯಲ್ಲಿ ಕಾಂಡ್ಲದ ಎಳೆ ಸಸಿಗಳು ಎದ್ದವು. ಉಪ್ಪು ಕೆಸರಿನಲ್ಲಿ ಬೇರುಗಳನ್ನು ಏಡಿಯ ಕಾಲಿನಂತೆ ಊರಿಕೊಂಡು ನಿಲ್ಲುವ ಆ ಮರ ನಿಮಗೆ ಗೊತ್ತಿರಬಹುದು.

ಅದನ್ನು ನೋಡಿದ್ದೇ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಅಪ್ಪ ಬಲೆ ಹೆಣೆಯುತ್ತ ಕೂತಿದ್ದಾಗ ಹೋಗಿ ಎದುರಿಗೆ ನಿಂತೆ.

"ಅಪ್ಪಾ, ನಮ್ಮ ಮೂಲೆ ನಂಗೆ ಕೊಡು."

"ಎಂತಕೆ?"

"ಕಾಡು ಮಾಡ್ತೆ."

ಅಪ್ಪ ನಗಲಿಲ್ಲ. ನಮ್ಮಪ್ಪ ನಗುವುದು ಕಡಿಮೆ. "ಬರೂ ಬೇಸಿಗೆಲಿ ಕಟ್ಟೆ ಕಟ್ಟುದು ಖಾಯಂ. ಅಲ್ಲೀವರೆಗೆ ಇಟ್ಕಾ," ಎಂದ. "ಎಲ್ಲರೂ ಕೂತ ದಿನ ಆ ಜಾಗ ಎಂತ ಆಗ್ಬೇಕು ಅಂತ ನೀನೇ ಹೇಳ್ಬೇಕು. ಬರೀ ಕಾಡು ಅಂದ್ರೆ ಸಾಲೂದಿಲ್ಲ. ಎಂತ ಕಾಡು, ಎಂತಕ್ಕೆ ಕಾಡು. ಸರೀ ಹೇಳಿದ್ರೆ ಕಟ್ಟೆ ಬಗ್ಗಿಸಿ ಮೂಲೆ ಹೊರಗೆ ಬಿಡ್ವ. ಇಲ್ಲಾ ಅಂದ್ರೆ ಕಟ್ಟೆ ನೇರಾ ಹೋತದೆ, ಮೂಲೆ ಗದ್ದೆ ಆತದೆ."

"ಆತು," ಎಂದೆ. ಒಂದೇ ಒಂದು ಉತ್ತರ ತಾನೇ ಬೇಕಾದದ್ದು. ಪಿಯುಸಿಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಪುಟಗಟ್ಟಲೆ ಬರೆದವಳು ನಾನು.

ಮಳೆಗಾಲ ಬಂತು. ಹೊಳೆಯ ಆಚೆ ದಂಡೆಯ ಕಾಂಡ್ಲ ಮರಗಳಲ್ಲಿ ಕೋಲಿನಂಥ ಬೀಜಗಳು ಜೋತುಬಿದ್ದವು. ತಮ್ಮನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಒಂದು ಚೀಲ ತುಂಬ ತಂದೆ. (ಕಾಲೇಜಿನಲ್ಲಿ ಹೇಳುವಾಗ ಅದು ಒಂದು ಲಾರಿ.) ಒಬ್ಬಳೇ ನೆಡುವುದು ಕಷ್ಟ ಎಂದು ಅಜ್ಜಿಯನ್ನು, ಅವ್ವಿಯನ್ನು, ಆಚೆಮನೆ ಅತ್ತೆಯನ್ನು ಕರೆದೆ. ಆಚೆಮನೆ ಅತ್ತೆ ನಮಗೆ ನೆಂಟಳೇನಲ್ಲ, ಕರೆಯುವುದಷ್ಟೇ ಅತ್ತೆ ಎಂದು. ಇಳಿತದ ಹೊತ್ತಿನಲ್ಲಿ ಹೊಳೆಯ ಕೆಸರಲ್ಲಿ ಕೂತು ಬಳಚು ಹೆಕ್ಕುವುದು ಅವಳ ಕಸುಬು. ಬಳಚು ಎಂದರೆ ಚಿಪ್ಪಿನ ಮಾಂಸ, ಅದರ ಸುಕ್ಕಾ ತಿಂದವರಿಗೆ ಉಳಿದದ್ದು ಹೇಳಬೇಕಾಗಿಲ್ಲ.

"ಎಲ್ಲೆಲ್ಲಿ ನೆಡುದು?" ಎಂದು ಕೇಳಿದಳು ಅಜ್ಜಿ, ಸೀರೆ ಎತ್ತಿ ಸಿಕ್ಕಿಸಿಕೊಳ್ಳುತ್ತ.

"ಅಲ್ಲಲ್ಲಿ ನೆಡು ಅಜ್ಜಿ."

"ಅಲ್ಲಲ್ಲಿ ಅಂದ್ರೆ ಎಲ್ಲಿ?"

"ಹೆಂಗೆ ಬೇಕೋ ಹಂಗೆ. ಕಾಡಲ್ವಾ!"

"ಹೆಂಗೆ ಬೇಕೋ ಹಂಗೆ ನೆಟ್ರೆ ಊರವ್ರು ಎಂತ ಹೇಳೂದಿಲ್ಲ? ಈ ಮನೆ ಹೆಂಗಸ್ರಿಗೆ ನಟ್ಟಿ ಮಾಡೂಕೆ ಬರೂದಿಲ್ಲ ಅಂಬ್ರು."

ಅಷ್ಟೇ. ಮೂವರೂ ಸಾಲಾಗಿ ನಿಂತರು, ಬಗ್ಗಿದರು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಚುಚ್ಚತೊಡಗಿದರು. ನಮ್ಮಜ್ಜಿಯ ಹತ್ತಿರ ಪ್ರತಿ ಕೆಲಸಕ್ಕೂ ಹಾಡಿದೆ. ಕಾಂಡ್ಲ ನೆಡುವುದಕ್ಕೆ ಮಾತ್ರ ಅವಳ ಅವ್ವಿ ಹಾಡು ಕಲಿಸಿರಲಿಲ್ಲ. ಹಾಗಾಗಿ ಭತ್ತದ ಹಾಡನ್ನೇ ಶುರುಮಾಡಿ, ಭತ್ತ ಬಂದಲ್ಲೆಲ್ಲ ಕಾಂಡ್ಲ ತುರುಕಿದಳು. ತಾಳ ತಪ್ಪಿದಾಗ ಆಚೆಮನೆ ಅತ್ತೆ ನಕ್ಕು ಕೆಸರಿನಲ್ಲೇ ಕೂತುಬಿಟ್ಟಳು. ನಾನು ಬೇಕಂತಲೇ ಒಂದೆರಡನ್ನು ಓರೆಯಾಗಿ ನೆಟ್ಟೆ. ಅಜ್ಜಿ ಹಿಂದಿನಿಂದ ಬಂದು ಕಿತ್ತು ಸಾಲಿಗೆ ಸೇರಿಸಿದಳು. ಸಂಜೆಯಾಗುವಾಗ ನನ್ನ ಕಾಡು ತಯಾರಾಗಿತ್ತು. ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳೂ ಅಷ್ಟು ನೆಟ್ಟಗೆ ನಿಂತಿರುವುದಿಲ್ಲ.

ಫೋಟೊ ತೆಗೆದು ಗೆಳತಿಯರ ಗುಂಪಿಗೆ ಕಳಿಸಿದೆ. ಭಟ್ಕಳದ ಬೆಳಕೆಯ ಕಡೆಯವಳೊಬ್ಬಳು ಕೂಡಲೇ ಬರೆದಳು: "ನಮ್ಮ ಭಟ್ಕಳದಲ್ಲಿ ಇದಕ್ಕೆ ಗದ್ದೆ ಅಂತಾರೆ."

ನಾನು ಸೋಲುವ ಪೈಕಿಯಲ್ಲ. ಇದು ಹೊಸ ಪದ್ಧತಿ, ಹೊರದೇಶದಲ್ಲೆಲ್ಲ ಹೀಗೇ ಮಾಡುತ್ತಾರೆ, ನಿನಗೆ ಗೊತ್ತಿರಲಿಕ್ಕಿಲ್ಲ ಎಂದು ಬರೆದು, ಅವಳು ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ಫೋನ್ ಮುಚ್ಚಿಟ್ಟೆ.

ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದು ಕಾಡು ನೋಡಲು ಹೋದರೆ, ಕಾಡಿನ ನಡುವೆ ಅಜ್ಜಿ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಕೈಯಲ್ಲಿ ಕತ್ತಿ. ಪಕ್ಕದಲ್ಲಿ ಒಂದು ಹಸಿರು ರಾಶಿ. ಮುಳ್ಳೆಲೆಯ ಹೊಳೆಚುಳ್ಳಿ, ಉಪ್ಪು ಬೆವರುವ ಉಪ್ಪಟ್ಟಿಯ ಸಸಿ, ನನಗೆ ಹೆಸರೇ ಗೊತ್ತಿಲ್ಲದ ಒಂದಷ್ಟು ಬಳ್ಳಿ. ಸಾಲುಗಳ ನಡುವೆ ಕೆಸರು ಸಾರಿಸಿದ ಅಂಗಳದಷ್ಟು ಚೊಕ್ಕಟವಾಗಿತ್ತು.

"ಅಜ್ಜೀ! ಎಂತ ಮಾಡ್ದೆ!"

"ಕಳೆ ತೆಗ್ದೆ ಮಗಾ. ನೀ ಓದುಕೆ ಹೋದ್ರೆ ಇದನ್ನ ಯಾರು ನೋಡುದು? ಎಂತಾ ಕಳೆ ಅಂತಿ ಮಾರಾಯ್ತಿ, ಎಲ್ಲಾ ತಂತಾನೇ ಬಂದದ್ದು."

"ತಂತಾನೇ ಬಂದದ್ದೇ ಕಾಡು, ಅಜ್ಜಿ!"

ಅಜ್ಜಿ ಕತ್ತಿಯನ್ನು ಕೆಸರಿಗೆ ಊರಿ ನನ್ನ ಮುಖ ನೋಡಿದಳು. "ಹಂಗಾರೆ ನಾವು ನೆಟ್ಟದ್ದು ಎಂತದು?"

ಕಾಲಿಗೆ ಸೊಳ್ಳೆ ಕಚ್ಚಿದವಳ ಹಾಗೆ ಬಗ್ಗಿ ತುಂಬ ಹೊತ್ತು ಕೆರೆದುಕೊಂಡೆ.

ಅಜ್ಜಿಯ ಅಕ್ಕರೆ ಅಲ್ಲಿಗೇ ನಿಲ್ಲಲಿಲ್ಲ. ವಾರ ಕಳೆಯುವುದರೊಳಗೆ ಅಪ್ಪನ ಹಳೇ ಅಂಗಿ ತೊಟ್ಟ ಬೆದರುಬೊಂಬೆ ಕಾಡಿನ ನಡುವೆ ನಿಂತಿತು. ಹಕ್ಕಿಗಳು ಬರಲಿ ಎಂದು ನಾನು ಹೊಳೆಗೆ ಮುಖಮಾಡಿ ಕಾಯುತ್ತಿದ್ದರೆ, ಬಂದ ಹಕ್ಕಿಗಳನ್ನು ಓಡಿಸಲು ನಮ್ಮನೆಯಿಂದಲೇ ಒಬ್ಬ ಆಸಾಮಿ. ಬೆಳ್ಳಕ್ಕಿಯೊಂದು ಅವನ ತಲೆಯ ಮೇಲೆ ಕೂತು ಮೀನಿಗೆ ಹೊಂಚು ಹಾಕುವುದನ್ನು ಕಲಿತದ್ದು ಆ ಬೆಳ್ಳಕ್ಕಿಯ ದೊಡ್ಡತನ.

ದೀಪಾವಳಿ ಕಳೆಯಿತು. ನನ್ನ ಸಾಲುಗಳು ಒಂದೊಂದಾಗಿ ಸೋತವು. ನೆಟ್ಟದ್ದು ತೀರ ತಗ್ಗಿನಲ್ಲಿ. ಭರತಿಯಲ್ಲಿ ತಲೆ ಮುಳುಗುತ್ತಿತ್ತು, ಇಳಿತದಲ್ಲಿ ನೋಡಿದರೆ ಕಡ್ಡಿಯ ತುಂಬ ಸಣ್ಣ ಚಿಪ್ಪು ಅಂಟಿಕೊಂಡು, ನೆಂಟರ ಮನೆಯಿಂದ ಚೀಲ ಹೊತ್ತು ಬಂದವರಂತೆ ಬಗ್ಗಿರುತ್ತಿದ್ದವು. ಅದೇ, ಒಡೆದ ಕಟ್ಟೆಯ ಬದಿಯಲ್ಲಿ, ಅಜ್ಜಿಯ ಮೊಣಕಾಲು ಹೋಗಲಾರದ ಇಳಿಜಾರಿನಲ್ಲಿ, ಯಾರೂ ನೆಡದ ಕಾಂಡ್ಲ ನನ್ನ ಸೊಂಟದವರೆಗೆ ಬಂದಿತ್ತು. ಸೊಂಟ ಎಂದರೆ ಸೊಂಟವೇ, ಇದನ್ನು ಎಳೆದಿಲ್ಲ.

ಅಪ್ಪನಿಗೆ ಎಂತ ಹೇಳುವುದು ಎಂಬ ಚಿಂತೆ ಆಗ ಮೊದಲ ಸಲ ಹತ್ತಿತು. ಕಾಡು ಮಾಡುತ್ತೇನೆ ಎಂದು ಕಡ್ಡಿ ನೆಟ್ಟಿದ್ದೆ. ಹಾಗಾದರೆ ಈ ಜಾಗ ಮೊದಲು ಹೇಗಿತ್ತೋ ಹಾಗೆ ಮಾಡಿದರಾಯಿತು ಎಂದು ತೀರ್ಮಾನಿಸಿದೆ. ಅದಕ್ಕಿಂತ ಸುಲಭದ್ದು ಯಾವುದಿದೆ? ಮೊದಲು ಹೇಗಿತ್ತು ಎಂದು ಕೇಳಿಕೊಂಡು ಬಂದರೆ ಮುಗಿಯಿತು.

ಅಜ್ಜಿಯನ್ನು ಕೇಳಿದೆ. "ಮೊದ್ಲಾ? ಕಗ್ಗ ಮಗಾ, ನನ್ನ ತಲೆ ಮೀರಿ ಬರ್ತಿತ್ತು. ಒಳಗೆ ಹೊಕ್ಕಿದ್ರೆ ನಾನೇ ಕಾಂತಿರ್ಲಿಲ್ಲ." ನಮ್ಮಜ್ಜಿ ನಿಂತರೆ ನನ್ನ ಭುಜಕ್ಕೆ ಬರುತ್ತಾಳೆ, ಆದರೂ ಲೆಕ್ಕಕ್ಕೆ ತಗೊಂಡೆ.

ಅಪ್ಪನನ್ನು ಕೇಳಿದೆ. "ಕಟ್ಟೆ ಹೊರಗೆ ಪೂರಾ ಕಾಂಡ್ಲ ಇತ್ತು. ಕಾಲಿಗೆ ಕೆಸರು ತಾಗದೆ ಬೇರು ಮೇಲೇ ಹೊಳೆವರೆಗೆ ಹೋಗ್ತಿದ್ವು. ಮತ್ತೆ ಒಲೆಗೆ, ಕಟ್ಟೆ ಗೂಟಕ್ಕೆ ಅಂತ ಕಡ್ದು ಕಡ್ದು ಮುಗೀತು."

ದೊಡ್ಡಪ್ಪನನ್ನು ಕೇಳಿದೆ. "ಮೊದ್ಲು ಈ ಗಜನಿ ಬಾಗಿಲು ತೆಗ್ದ ದಿನ ಎಂತಾ ಸಿಗಡಿ ಅಂತಿ! ಕಾಡುಗೀಡು ಎಲ್ಲಿತ್ತು? ನಿನ್ನಪ್ಪಂಗೆ ಕನಸು ಬಿದ್ದದೆ."

ಆಚೆಮನೆ ಅತ್ತೆಯನ್ನು ಕೇಳಿದೆ. ಅವಳು ಬಳಚು ತೊಳೆಯುತ್ತಿದ್ದಳು, ತಲೆಯೆತ್ತಲಿಲ್ಲ. "ಯಾವ ಮೊದ್ಲು ಬೇಕು ನಿಂಗೆ? ನಿಮ್ಮ ಹಿರಿಯರು ಕಟ್ಟೆ ಹಾಕೂಕಿಂತ ಮೊದ್ಲು ಅದೆಲ್ಲಾ ಬರೀ ಕೆಸರು, ತಂಗೀ. ನಮ್ಮವ್ರು ಬಳಚು ಹೆಕ್ಕಿದ ಜಾಗ. ಅಷ್ಟು ಹಿಂದೆ ಹೋಗುದಾದ್ರೆ ಹೇಳು, ನಾನೂ ಬುಟ್ಟಿ ಹಿಡ್ಕಂಡು ಬತ್ತೆ."

ಒಬ್ಬರ 'ಮೊದಲು' ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲ. ಮತ್ತೆ ಕೂತು ಯೋಚಿಸಿದಾಗ ಒಂದು ಚೋದ್ಯ ಕಂಡಿತು. ಆಚೆಮನೆ ಅತ್ತೆಯದ್ದೊಂದು ಬಿಟ್ಟರೆ ಎಲ್ಲರ 'ಮೊದಲು' ಹಿಂದಕ್ಕೆ ಹೋಗಿ ಹೋಗಿ, ಅವರವರು ನನ್ನಷ್ಟು ದೊಡ್ಡವರಾಗಿದ್ದಾಗಿನ ಗಜನಿಗೇ ಬಂದು ನಿಲ್ಲುತ್ತಿತ್ತು. ಹಾಗೆ ನೋಡಿದರೆ ನನ್ನ 'ಮೊದಲು' ಎಂದರೆ ಈ ಒಡೆದ ಕಟ್ಟೆಯೇ. ಮುದುಕಿಯಾದ ಮೇಲೆ ನಾನೂ ಮೊಮ್ಮಕ್ಕಳಿಗೆ, ಆಹಾ, ಎಂತಾ ಕಟ್ಟೆ ಒಡೆದಿತ್ತು ಅಂತೀರಿ, ಎಂದು ಹೇಳುವವಳೇ.

ಆ ದಿನ ಅವಳ ಅಂಗಳದಿಂದ ನಾನು ಹೊರಡುವಾಗ ಆಚೆಮನೆ ಅತ್ತೆ ಮೆಲ್ಲಗೆ ಅಂದಳು, "ಮತ್ತೆ ತಂಗೀ, ಬೇಜಾರು ಮಾಡ್ಕಬೇಡ. ಕಟ್ಟೆ ಒಡ್ದ ಮೇಲೆ ಆ ತಗ್ಗಲ್ಲಿ ಬಳಚು ಬೀಳೂಕೆ ಶುರು ಆಗಿತ್ತು. ಈಗ ನಿನ್ನ ಕಾಡು ಅದರ ತಲೆ ಮೇಲೆ ನಿಂತದೆ. ಕಡ್ಡಿ ನಡುವೆ ಕೈ ಹಾಕೂಕೆ ಆಗೂದಿಲ್ಲ."

"ಅಯ್ಯೋ ಅತ್ತೇ! ಮತ್ತೆ ನೀನೇ ಬಂದು ನೆಟ್ಟೆಯಲ್ಲ!"

"ನಟ್ಟಿಗೆ ಕರದ್ರೆ ಬರೂದಿಲ್ಲ ಅನ್ನೂಕಾತದಾ? ನಮ್ಮನೆ ನಟ್ಟಿಗೆ ನಿನ್ನವ್ವಿ ಬಂದಿರ್ಲಿಲ್ವಾ? ಬೇರೆಯವ್ರ ಗದ್ದೆಲಿ ನಿಂತ್ಕಂಡು ಇಲ್ಲಿ ನೆಡಬೇಡಿ ಅನ್ನೂಕೆ ನಾ ಯಾರು?"

ಇದು ನಮ್ಮೂರಲ್ಲಿ ಮಾತ್ರ ನಡೆಯುವಂಥದ್ದು. ನಟ್ಟಿಗೆ ಕರೆದರೆಂದು ತನ್ನ ಅನ್ನದ ಮೇಲೆ ತಾನೇ ಸಾಲು ಹಿಡಿದು ಕಡ್ಡಿ ಚುಚ್ಚಿ, ಅದೂ ಹಾಡಿಗೆ ದನಿ ಸೇರಿಸಿ ಚುಚ್ಚಿ, ಚಾ ಕುಡಿದು ಹೋಗಿದ್ದಳು. ನನಗೆ ನಗಬೇಕೆನ್ನಿಸಿತು. ನಗುವ ಬದಲು ಮತ್ತೆ ಕೂತು ಅವಳ ಉಳಿದ ಬಳಚು ತೊಳೆದುಕೊಟ್ಟೆ.

ಮರುದಿನ ಇಳಿತದ ಹೊತ್ತಿಗೆ ಹೋಗಿ ಒಡೆದ ಕಟ್ಟೆಯ ಮೇಲೆ ಕೂತೆ. ಸುಮ್ಮನೆ ಕೂರುವುದು ನನಗೆ ಹುಟ್ಟಿದಾಗಿನಿಂದ ಬಂದದ್ದಲ್ಲ, ಆದರೂ ಕೂತೆ. ನೀರು ಒಡಕಿನ ಮೂಲಕ ಹೊಳೆಗೆ ಹಿಂದಿರುಗುತ್ತಿತ್ತು. ಅದು ಬಿಟ್ಟುಹೋದ ಕೆಸರಿನ ಮೇಲೆ ಕಣ್ಣು ತಲೆಯ ಮೇಲಿರುವ ಸಣ್ಣ ಮೀನುಗಳು ರೆಕ್ಕೆಯೂರಿ ಕುಪ್ಪಳಿಸಿದವು. ಕೆಂಪು ಕೊಂಡಿಯ ಏಡಿಗಳು ಹೊರಗೆ ಬಂದು ಒಂದಕ್ಕೊಂದು ಕೈಬೀಸಿದವು. ಕಟ್ಟೆಯ ಕಲ್ಲಿನ ಮೇಲೆ ಮೀನಿನ ಮುಳ್ಳು, ಪೊರೆ ತುಂಬಿದ ಹಿಕ್ಕೆ ಬಿದ್ದಿತ್ತು. ನೀರುನಾಯಿಯದ್ದು. (ಕಾಲೇಜಿನಲ್ಲಿ ಅಷ್ಟರೊಳಗೆ ನಾನು ನೀರುನಾಯಿಯ ಇಡೀ ಸಂಸಾರವನ್ನೇ ನೋಡಿ, ಮರಿಗಳ ತಲೆ ಸವರಿಯೂ ಆಗಿತ್ತು. ಕಣ್ಣಿಗೆ ಬಿದ್ದದ್ದು ಹಿಕ್ಕೆ ಮಾತ್ರ.)

ಇವರಲ್ಲಿ ಯಾರನ್ನೂ ನಾನು ಕರೆದಿರಲಿಲ್ಲ, ನೆಟ್ಟಿರಲಿಲ್ಲ. ನೀರಿಗೆ ದಾರಿ ಬಿಟ್ಟದ್ದೊಂದೇ ಕಾರಣ, ಅದೂ ನಾನು ಬಿಟ್ಟದ್ದಲ್ಲ, ಹೊಳೆಯೇ ಒಡೆದುಕೊಂಡದ್ದು. ಯಾವ ವರ್ಷಕ್ಕೆ ಹಿಂದಿರುಗಬೇಕು ಎಂದು ಹುಡುಕುತ್ತಿದ್ದವಳಿಗೆ ಆ ಹುಡುಕಾಟವೇ ತಪ್ಪು ಅನ್ನಿಸಿತು. ಈ ಮೂಲೆಯಲ್ಲಿ ಇನ್ನು ಮುಂದೆ ಯಾವುದರ ಓಡಾಟ ನಿಲ್ಲಬಾರದು ಎಂದು ಕೇಳಿಕೊಂಡರೆ ಉತ್ತರ ಎದುರಿಗೇ ಹರಿಯುತ್ತಿತ್ತು.

ಎದ್ದವಳೇ ಕೆಸರಿಗಿಳಿದು ನನ್ನ ಸಾಲುಗಳನ್ನು ಕೀಳತೊಡಗಿದೆ. ಆಚೆಮನೆ ಅತ್ತೆ ದೂರದಿಂದ ನೋಡಿ ಬಂದು ಇನ್ನೊಂದು ತುದಿಯಿಂದ ಶುರುಮಾಡಿದಳು. ಅಜ್ಜಿ ಕಟ್ಟೆಯ ಮೇಲೆ ಬಂದು ನಿಂತು ಎದೆಗೆ ಕೈಹಚ್ಚಿದಳು.

"ನೆಟ್ಟದ್ದನ್ನ ಕೀಳ್ತಾರೇನೇ! ನನ್ನ ಜನ್ಮದಲ್ಲೇ ಕಂಡಿಲ್ಲ ಇಂಥದ್ದು!"

"ಸತ್ತದ್ದೇ ಹೆಚ್ಚು ಅಜ್ಜಿ."

"ಸತ್ರೂ ನಟ್ಟಿ ನಟ್ಟಿಯೇ!"

ಎರಡು ದಿನ ಅಜ್ಜಿ ಮುನಿಸಿಕೊಂಡಳು. ಬಡಿಸುವಾಗ ಮೀನಿನ ತಲೆಯನ್ನು ತಮ್ಮನ ತಟ್ಟೆಗೆ ಹಾಕಿ ಬಾಲ ನನಗೆ ಹಾಕಿದಳು. ಬಾಲ ತಿಂದೆ. ಕಿತ್ತದ್ದನ್ನು ಮತ್ತೆ ನೆಡುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಪರೀಕ್ಷೆ ಮುಗಿಯಿತು, ಬೇಸಿಗೆ ಬಂತು, ಕಟ್ಟೆಯ ಮಾತಿಗೆ ಪಾಲಿನವರೆಲ್ಲ ನಮ್ಮ ಜಗಲಿಯಲ್ಲಿ ಸೇರಿದರು. ಪಾಲಿಲ್ಲದಿದ್ದರೂ ಆಚೆಮನೆ ಅತ್ತೆ ಬಂದು ಅಜ್ಜಿಯ ಪಕ್ಕ ಕೂತಳು. ಅಪ್ಪ ಬೆಳಿಗ್ಗೆಯೇ ಹೊರಟುಹೋಗಿದ್ದ, ಕುಮಟಾ ಸಂತೆಗೆ ಇರಬೇಕೆಂದುಕೊಂಡೆವು. ದೊಡ್ಡಪ್ಪ ನಡುವಿನ ಕಂಬಕ್ಕೆ ಒರಗಿ ಕೂತು ಮೊದಲೇ ತೀರ್ಪು ಕೊಟ್ಟ.

"ಉಪ್ಪು ನನ್ನ ಒಳಗದ್ದೆಗೂ ಹತ್ತಿತು. ಈ ಮಳೆಗೆ ಕಗ್ಗ ಬಿತ್ತದಿದ್ರೆ ಬೀಜವೂ ಮನೆಲಿ ಉಳೂದಿಲ್ಲ. ಕಟ್ಟೆ ಆಗ್ಲೇಬೇಕು, ನೇರಾ ಹೋಗ್ಬೇಕು. ಬಗ್ಗಿಸಿದ್ರೆ ಉದ್ದ ಹೆಚ್ಚಾತದೆ. ಆ ಮಣ್ಣು ಯಾರು ಹೊರುದು?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ದೊಡ್ಡಪ್ಪ ಸುಳ್ಳು ಹೇಳುವವನಾಗಿದ್ದರೆ ನಾನು ಅವನನ್ನು ಗಳಿಗೆಯಲ್ಲಿ ಮಣ್ಣುಮುಕ್ಕಿಸುತ್ತಿದ್ದೆ.

"ಕಟ್ಟೆ ಬೇಡ ಅಂದವ್ರು ಯಾರು ದೊಡ್ಡಪ್ಪಾ," ಎಂದು ಎದ್ದುನಿಂತೆ. ಎದ್ದುನಿಲ್ಲುವುದು ಅಗತ್ಯವಿರಲಿಲ್ಲ, ಆದರೆ ಎದುರಿಗೆ ಅಷ್ಟು ಜನ ಕೂತಿರುವಾಗ ಕೂತು ಮಾತಾಡುವುದು ನನ್ನಿಂದಾಗದ ಕೆಲಸ. "ಒಳಗೆ ಕಗ್ಗ ಬಿತ್ತಿ. ನಂಗೂ ಕಗ್ಗದ ಗಂಜಿ ಬೇಕು. ಆದ್ರೆ ನಮ್ಮ ಮೂಲೆ..." ಎಂದು ಶುರುಮಾಡಿ ಏಡಿ, ಕುಪ್ಪಳಿಸುವ ಮೀನು, ಕಾಂಡ್ಲದ ಬುಡದಲ್ಲಿ ಮರಿಹಾಕುವ ಸಿಗಡಿ ಎಲ್ಲವನ್ನೂ ಕರೆತಂದೆ. ಅವು ಸಾಲದಾದಾಗ ನೀರುನಾಯಿಯನ್ನು ಕರೆದೆ. ಮೊದಲು ಒಂದು ಬಂತು, ಪಾಲಿನವರ ಕಣ್ಣು ಅರಳಿದ್ದು ನೋಡಿ ಇನ್ನೊಂದು ಬಂತು, ಮರಿಗಳೂ ಹೊರಟಿದ್ದವು.

"ಎಷ್ಟು ಮರಿ?" ಎಂದಳು ಆಚೆಮನೆ ಅತ್ತೆ, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ.

ಹೇಳಲು ಬಾಯಿ ತೆರೆದೆ. ಅಂಗಳದಿಂದ ಅಪ್ಪ ಒಳಗೆ ಬಂದ. ಮೊಣಕಾಲವರೆಗೆ ಕೆಸರು, ಹೆಗಲ ಮೇಲೆ ಹಗ್ಗದ ಸುರುಳಿ. ಸಂತೆಗೆ ಹೋದವನ ಅವತಾರವಲ್ಲ ಅದು.

"ಸಾಕು," ಎಂದ. "ಮೂಲೆವರೆಗೆ ಗೂಟ ಹೊಡ್ದು ಬಂದೆ. ಇಲ್ಲಿಂದ ಮುಂದೆ ನೇರಾವಾ, ಬಗ್ಗುದಾ? ಅದು ಎಂತ ಆಗ್ಬೇಕು ಅಂತ ಹೇಳು. ಒಂದೇ ಮಾತಲ್ಲಿ."

ಏಡಿ, ಸಿಗಡಿ, ನೀರುನಾಯಿ ಎಲ್ಲ ಹಿಂದಿನ ಬಾಗಿಲಿನಿಂದ ಓಡಿದವು.

"ನೀರು ಬಂದು ಹೋಗೂ ಜಾಗ ಆಗ್ಬೇಕು, ಅಪ್ಪಾ," ಎಂದೆ. "ಅಷ್ಟೇ. ಅದರ ಹಿಂದೆ ಯಾರು ಬತ್ತಾರೋ ಬರ್ಲಿ. ಕಾಂಡ್ಲ ಬರ್ಲಿ, ಬಳಚು ಬರ್ಲಿ. ಎಂತದೂ ಬರದಿದ್ರೂ ಬರೀ ಕೆಸರೇ ಇರ್ಲಿ. ನಾವು ಬಾಗಿಲು ಹಾಕುದು ಬೇಡ."

ಅಪ್ಪ ಹಗ್ಗದ ಸುರುಳಿಯನ್ನು ಕೆಳಗಿಟ್ಟ. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದ. "ಅಣ್ಣಾ, ಬಗ್ಗಿಸ್ತೆ. ಹೆಚ್ಚಾದಷ್ಟು ಕಟ್ಟೆ ನಮ್ಮನೆದು. ನಿಮ್ಮ ಯಾರ ಪಾಲಿನ ಗದ್ದೆಯೂ ಹೊರಗೆ ಹೋಗೂದಿಲ್ಲ."

"ಮಣ್ಣು?" ಎಂದ ದೊಡ್ಡಪ್ಪ.

"ಅದೂ ನಮ್ಮನೆದೇ."

ನಾನು ಕುಣಿಯುವುದೊಂದು ಬಾಕಿ. "ನೋಡ್ತಾ ಇರಿ ಎಲ್ಲರೂ! ನಾ ಅಲ್ಲಿ ಒಂದು ಬೋರ್ಡು ಹಾಕ್ತೆ, ಕಾಲೇಜಿಂದ ಜನ ಕರ್ಕಂಡು ಬತ್ತೆ, ಅಟ್ಟಳಿಗೆ ಕಟ್ಟಿ ಮೇಲಿಂದ..."

"ಎಂತದೂ ಇಲ್ಲ," ಎಂದ ಅಪ್ಪ. "ಬೋರ್ಡಿಲ್ಲ, ಅಟ್ಟಳಿಗೆ ಇಲ್ಲ. ನೆಡುದಿಲ್ಲ, ಕೀಳುದಿಲ್ಲ. ಬಳಚಿಗೆ ಆಚೆಮನೆಯವ್ರು ಹೋಗ್ಲಿ. ನೀನು ಕಟ್ಟೆಯಿಂದ ಆಚೆ ಕಾಲಿಡೂ ಹಂಗಿಲ್ಲ."

"ನನ್ನ ಕಾಡು, ಅಪ್ಪಾ!"

"ನಿನ್ನದು ಅಂತ ಯಾರು ಹೇಳಿದ್ರು? ಈಗಷ್ಟೇ ನೀನೇ ನೀರಿಗೆ ಕೊಟ್ಟಾತಲ್ಲ."

ಆಚೆಮನೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿ, ನಾನು ಸಾಲು ಕಿತ್ತ ಮೇಲೆ ಮೊದಲ ಸಲ, ನನ್ನ ಕಡೆ ನೋಡಿ ಮನಸ್ಸು ತುಂಬಿ ನಕ್ಕಳು. ನಾನು ಇನ್ನೇನೋ ಹೇಳಬೇಕೆಂದು ಉಸಿರು ಎಳೆದುಕೊಂಡೆ. ಅಪ್ಪ ಮಾಡಿನ ಕೆಳಗಿದ್ದ ಮಣ್ಣಿನ ಬುಟ್ಟಿಯನ್ನು ಎತ್ತಿ ನನ್ನ ಕೈಗೆ ಕೊಟ್ಟ.

"ಇಳಿತ ಮುಗಿಯೂಕಿಂತ ಮೊದ್ಲು ಶುರು ಮಾಡ್ವ. ನಡಿ."